ಟಿವಿಗಿಂತ ಮೊದಲು ಗೋಡೆಯನ್ನು ಆರಿಸಿಕೊಳ್ಳಿ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಹಜಾರ ಪೂರ್ವ-ಪಶ್ಚಿಮವಾಗಿ 18 ಅಡಿ, ಉತ್ತರ-ದಕ್ಷಿಣವಾಗಿ 14 ಅಡಿ ಇದೆ. ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿಗಳಿವೆ. ಉತ್ತರದ ಗೋಡೆ ಒಳಕೋಣೆಗೆ ಅಂಟಿಕೊಂಡಿದೆ. ಈಗ ಪೂರ್ವದ ಗೋಡೆಯಲ್ಲಿರುವ 43 ಇಂಚಿನ ಟಿವಿಯನ್ನು ತೆಗೆದು, ಅದೇ ಜಾಗಕ್ಕೆ ದೊಡ್ಡದೊಂದನ್ನು ಹಾಕಿಸಿ, ಒಳ್ಳೆಯ ಧ್ವನಿ ವ್ಯವಸ್ಥೆಯನ್ನೂ ಸೇರಿಸಿ ಹೋಮ್ ಥಿಯೇಟರ್ ಮಾಡಬೇಕೆಂದಿದ್ದೇವೆ. ಎಲ್ಲಕ್ಕೂ ಸೇರಿ ಎರಡು ಲಕ್ಷ ರೂಪಾಯಿ ಎತ್ತಿಟ್ಟಿದ್ದೇವೆ. ಅಪ್ಪ ಹಗಲೆಲ್ಲ ನ್ಯೂಸ್ ಚಾನೆಲ್ ಹಾಕಿಕೊಂಡಿರುತ್ತಾರೆ, ಮಗ ಗೇಮ್ ಆಡುತ್ತಾನೆ, ನಾವು ರಾತ್ರಿ ಸಿನಿಮಾ ನೋಡುತ್ತೇವೆ. ಚಿಕ್ಕಮಗಳೂರಿನ ಅಂಗಡಿಯವರು 85 ಇಂಚಿನದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಭಾವಮೈದ ಒಎಲ್‌ಇಡಿ ಬಿಟ್ಟು ಬೇರೆ ನೋಡಲೇಬೇಡಿ ಎನ್ನುತ್ತಾನೆ. ಯಾವುದನ್ನು ಕೊಳ್ಳಬೇಕು? ಸೌಂಡ್‌ಬಾರ್ ಸಾಕೇ? ಸಿಡಿಲು, ಕರೆಂಟಿನ ತೊಂದರೆಗೆ ಏನು ಮಾಡಬೇಕು?

ಉತ್ತರ: ಅಂಗಡಿಯವರು ಹೇಳುವುದರಲ್ಲೂ ಹುರುಳಿದೆ, ನಿಮ್ಮ ಭಾವಮೈದ ಹೇಳುವುದರಲ್ಲೂ ಹುರುಳಿದೆ, ಆದರೆ ಇಬ್ಬರೂ ನಿಮ್ಮ ಹಜಾರವನ್ನು ಅಳೆದು ಮಾತಾಡಿಲ್ಲ. ನೀವು ಕೊಟ್ಟ ಅಳತೆಗಳನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಮೊದಲು ಕಣ್ಣಿಗೆ ಬೀಳುವ ತೊಡಕು ಪೂರ್ವದ ಗೋಡೆಯದು. ಅಲ್ಲಿ ಟಿವಿ ಇಟ್ಟರೆ ಪಶ್ಚಿಮದ ಎರಡೂ ಕಿಟಕಿಗಳು ಪರದೆಗೆ ನೇರ ಎದುರಾಗುತ್ತವೆ. ಮಳೆಗಾಲದಲ್ಲಿ ಇದು ಗೊತ್ತಾಗುವುದಿಲ್ಲ. ಮೂಡಿಗೆರೆಯ ಆಷಾಢದಲ್ಲಿ ಮಧ್ಯಾಹ್ನಕ್ಕೂ ದೀಪ ಹಾಕಬೇಕಾದ ದಿನಗಳಿರುತ್ತವೆ. ಆದರೆ ಜನವರಿಯಿಂದ ಮೇವರೆಗೆ ಸಂಜೆಯ ಓರೆಬಿಸಿಲು ಪರದೆಯ ಮೇಲೆ ಬಿದ್ದಾಗ, ಎಷ್ಟೇ ಬೆಲೆಯ ಟಿವಿಯಾದರೂ ಅದರಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ನಿಮ್ಮ ಕಿಟಕಿಯ ಸರಳುಗಳೇ ಕಾಣುತ್ತವೆ. ಪಶ್ಚಿಮದ ಗೋಡೆಯೂ ಬೇಡ. ಹಿಂದಿನಿಂದ ಬರುವ ಬೆಳಕು ನೋಡುವವರ ಕಣ್ಣಿಗೆ ಹೊಡೆಯುತ್ತದೆ, ಜೊತೆಗೆ ನೈಋತ್ಯ ಮಾರುತದ ಎರಚಲಿಗೆ ಮೈಯೊಡ್ಡುವ ಆ ಗೋಡೆ ನಾಲ್ಕು ತಿಂಗಳು ತೇವ ಹಿಡಿದೇ ಇರುತ್ತದೆ. ಉಳಿಯುವುದು ಒಳಕೋಣೆಗೆ ಅಂಟಿಕೊಂಡ ಉತ್ತರದ ಗೋಡೆ. ಅದು ಒಣ ಗೋಡೆ, ಮತ್ತು ಕಿಟಕಿಗಳು ಅದಕ್ಕೆ ಪಕ್ಕದಲ್ಲಿ ಬರುತ್ತವೆ.

ಗೋಡೆ ಬದಲಾದೊಡನೆ ಅಳತೆಯ ಲೆಕ್ಕವೂ ಬದಲಾಗುತ್ತದೆ. ಪೂರ್ವದ ಗೋಡೆಯಾದರೆ ಸೋಫಾ ಪಶ್ಚಿಮದ ಕಿಟಕಿಗಳ ಹತ್ತಿರ ಹೋಗಿ, ಕಣ್ಣಿಗೂ ಪರದೆಗೂ ಸುಮಾರು 15 ಅಡಿ ಅಂತರ ಬೀಳುತ್ತದೆ. ಅಂಗಡಿಯವರು 85 ಇಂಚು ಎಂದದ್ದು ಬಹುಶಃ ಇದೇ ಅಂತರವನ್ನು ಕೇಳಿಕೊಂಡು. ಉತ್ತರದ ಗೋಡೆಯಾದರೆ ಸೋಫಾವನ್ನು ದಕ್ಷಿಣಕ್ಕೆ ಸರಿಸಬೇಕು. ಸೋಫಾದ ಆಳ, ಅದರ ಬೆನ್ನಿಗೆ ಬಿಡಬೇಕಾದ ಒಂದಡಿ ಜಾಗ, ಟಿವಿ ಸ್ಟ್ಯಾಂಡಿನ ಮುಂಚಾಚು ಇವೆಲ್ಲವನ್ನೂ ಕಳೆದರೆ ಅಂತರ ಹೆಚ್ಚುಕಡಿಮೆ 10 ಅಡಿಗೆ ಇಳಿಯುತ್ತದೆ. ಸಿನಿಮಾ ನೋಡುವಾಗ ಪರದೆಯ ಅಗಲ ನಮ್ಮ ಕಣ್ಣಿಗೆ ಎಷ್ಟು ಡಿಗ್ರಿ ಕೋನದಲ್ಲಿ ಹರಡಿಕೊಳ್ಳುತ್ತದೆ ಎಂಬುದು ಮುಖ್ಯ. ಸಿನಿಮಾ-ಟಿವಿ ಎಂಜಿನಿಯರುಗಳ ಸಂಘವಾದ ಎಸ್‌ಎಂಪಿಟಿಇ ಹೆಸರಿನಲ್ಲಿ ಬಳಕೆಯಲ್ಲಿರುವ ಸೂತ್ರ 30 ಡಿಗ್ರಿ ಎನ್ನುತ್ತದೆ, ಥಿಯೇಟರುಗಳ ಗುಣಮಟ್ಟಕ್ಕೆ ಮುದ್ರೆ ಒತ್ತುವ ಟಿಎಚ್‌ಎಕ್ಸ್ ಸಂಸ್ಥೆ 40 ಡಿಗ್ರಿಯವರೆಗೆ ಹೋಗುತ್ತದೆ. ನೀವು ಕೋನಮಾಪಕ ಹಿಡಿಯಬೇಕಾಗಿಲ್ಲ. ಕೂರುವ ಅಂತರವನ್ನು ಇಂಚಿನಲ್ಲಿ ಬರೆದುಕೊಂಡು 1.6ರಿಂದ ಭಾಗಿಸಿದರೆ 30 ಡಿಗ್ರಿಗೆ ಬೇಕಾದ ಟಿವಿಯ ಅಳತೆ, 1.2ರಿಂದ ಭಾಗಿಸಿದರೆ 40 ಡಿಗ್ರಿಗೆ ಬೇಕಾದ ಅಳತೆ ಸಿಗುತ್ತದೆ. 10 ಅಡಿ ಎಂದರೆ 120 ಇಂಚು, 1.6ರಿಂದ ಭಾಗಿಸಿದರೆ ಸರಿಯಾಗಿ 75. ಅದೇ 85 ಇಂಚಿನ ಟಿವಿಯನ್ನು 15 ಅಡಿ ದೂರದಿಂದ ನೋಡಿದರೆ ಕೋನ 23 ಡಿಗ್ರಿಗೆ ಕುಗ್ಗುತ್ತದೆ. ಅಂದರೆ ಉತ್ತರದ ಗೋಡೆಯಲ್ಲಿಟ್ಟ 75 ಇಂಚಿನ ಟಿವಿ, ಪೂರ್ವದ ಗೋಡೆಯ 85 ಇಂಚಿನ ಟಿವಿಗಿಂತ ನಿಮಗೆ ದೊಡ್ಡದಾಗಿ ಕಾಣುತ್ತದೆ. ಸೋಫಾ ಸರಿಸುವುದಕ್ಕೆ ಖರ್ಚಿಲ್ಲ.

ಹಾಗಾದರೆ ಉತ್ತರದ ಗೋಡೆಗೇ 85 ಇಂಚು ಹಾಕಬಾರದೇ ಎಂದು ನೀವು ಕೇಳಬಹುದು. ಸಿನಿಮಾಕ್ಕೆ ಮಾತ್ರವಾಗಿದ್ದರೆ ಧಾರಾಳವಾಗಿ ಹಾಕಬಹುದಿತ್ತು. 10 ಅಡಿಯಿಂದ ಅದರ ಕೋನ 34 ಡಿಗ್ರಿ, ಅತಿಯೇನಲ್ಲ. ನಾನು ಹಿಂದೆಗೆಯುವುದಕ್ಕೆ ಎರಡು ಕಾರಣಗಳಿವೆ. ಒಂದು, ನಿಮ್ಮ ತಂದೆಯವರು ನೋಡುವ ಚಾನೆಲ್‌ಗಳು. ಡಿಟಿಎಚ್‌ನಲ್ಲಿ ಬರುವ ಸಾಮಾನ್ಯ ಚಾನೆಲ್‌ನ ಚಿತ್ರ ಹೆಚ್ಚೆಂದರೆ 720 ಗುಣಿಸು 576 ಚುಕ್ಕಿಗಳದ್ದು. ಅದನ್ನು 3840 ಗುಣಿಸು 2160 ಚುಕ್ಕಿಗಳ 4ಕೆ ಪರದೆಗೆ ಎಳೆದು ತುಂಬಿಸುವಾಗ ಸುಮಾರು 20 ಚುಕ್ಕಿಗಳ ಪೈಕಿ 19ನ್ನು ಟಿವಿ ತಾನೇ ಊಹಿಸಿ ಬರೆಯುತ್ತದೆ. ಪರದೆ ದೊಡ್ಡದಾದಷ್ಟೂ ಈ ಊಹೆಯ ಮಸುಕು ಎದ್ದು ಕಾಣುತ್ತದೆ. ಎರಡನೆಯ ಕಾರಣ ಹಣ. 85 ಇಂಚಿನ ಪರದೆಯ ವಿಸ್ತೀರ್ಣ 75 ಇಂಚಿನದಕ್ಕಿಂತ ಸುಮಾರು 28% ಹೆಚ್ಚು. ನಿಮ್ಮ ಹಣದ ಮಿತಿಯೊಳಗೆ ಆ ಹೆಚ್ಚುವರಿ ಅಳತೆಯನ್ನು ಪಡೆಯಬೇಕಾದರೆ ಪರದೆಯ ಗುಣಮಟ್ಟದಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಲೇಬೇಕಾಗುತ್ತದೆ, ಅಥವಾ ಧ್ವನಿಗೆ ಮೀಸಲಿಟ್ಟ ಹಣಕ್ಕೆ ಕೈಹಾಕಬೇಕಾಗುತ್ತದೆ. ಎರಡೂ ನಷ್ಟದ ಬಾಬತ್ತೇ.

4ಕೆಗಿಂತ ಸೂಕ್ಷ್ಮ ಚುಕ್ಕಿಗಳ 8ಕೆ ಎಂಬ ಮಾತನ್ನು ಯಾರಾದರೂ ಎತ್ತಿದರೆ ಅಲ್ಲಿಗೇ ಬಿಟ್ಟುಬಿಡಿ. ಸಾಮಾನ್ಯ ದೃಷ್ಟಿಯಿರುವ ಕಣ್ಣು 75 ಇಂಚಿನ 4ಕೆ ಪರದೆಯ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕಾದರೆ 5 ಅಡಿಯೊಳಗೆ ಹೋಗಬೇಕು. 10 ಅಡಿ ದೂರದಲ್ಲಿ ಕೂತವರಿಗೆ ಅದಕ್ಕಿಂತ ಸೂಕ್ಷ್ಮವಾದ ಚುಕ್ಕಿಗಳಿಂದ ಆಗುವ ಪ್ರಯೋಜನ ಏನೂ ಇಲ್ಲ.

ಇನ್ನು ಪರದೆಯ ಜಾತಿಯ ವಿಚಾರ. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕಾಗುತ್ತದೆ, ಏಕೆಂದರೆ ಪೆಟ್ಟಿಗೆಯ ಮೇಲಿನ ಹೆಸರುಗಳು ಗ್ರಾಹಕರನ್ನು ಗೊಂದಲಕ್ಕೆ ಕೆಡವುವಂತೆಯೇ ಇವೆ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂದು ಏನೇ ಬರೆದಿದ್ದರೂ ಅವೆಲ್ಲ ಒಳಗೆ ಎಲ್‌ಸಿಡಿ ಪರದೆಗಳೇ. ಎಲ್‌ಸಿಡಿ ತಾನಾಗಿ ಬೆಳಗುವುದಿಲ್ಲ. ಅದರ ಹಿಂದೆ ಎಲ್‌ಇಡಿ ದೀಪಗಳಿದ್ದು, ಆ ಬೆಳಕನ್ನು ಪರದೆ ಬೇಕಾದಷ್ಟು ಬಿಡುತ್ತದೆ ಅಥವಾ ತಡೆಯುತ್ತದೆ. ತಡೆಯುವುದು ಎಂದೂ ಪೂರ್ತಿಯಾಗುವುದಿಲ್ಲವಾದ್ದರಿಂದ ಕಪ್ಪು ಎಂಬುದು ಬೂದಿಗಪ್ಪಾಗಿ ಕಾಣುತ್ತದೆ. ಒಎಲ್‌ಇಡಿಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತದೆ. ಕಪ್ಪು ಬೇಕಾದ ಕಡೆ ಚುಕ್ಕಿ ಪೂರ್ತಿ ಆರಿಯೇ ಹೋಗುತ್ತದೆ. ನಿಮ್ಮ ಭಾವಮೈದನ ಉತ್ಸಾಹಕ್ಕೆ ಕಾರಣ ಇದೇ, ಮತ್ತು ಕತ್ತಲ ಕೋಣೆಯಲ್ಲಿ ಕೂತು ಸಿನಿಮಾ ನೋಡುವವನಿಗೆ ಅದನ್ನು ಮೀರಿಸಿದ್ದು ಇವತ್ತಿಗೂ ಇಲ್ಲ ಎಂದು ನಾನೂ ಒಪ್ಪುತ್ತೇನೆ.

ಆದರೆ ನಿಮ್ಮ ಮನೆಯಲ್ಲಿ ಅದನ್ನು ನಾನು ಮೊದಲ ಆಯ್ಕೆಯಾಗಿ ಹೇಳಲಾರೆ. ಒಎಲ್‌ಇಡಿಯ ಚುಕ್ಕಿಗಳು ಉರಿದಷ್ಟೂ ಸವೆಯುತ್ತವೆ. ಎಲ್ಲವೂ ಒಂದೇ ಸಮನೆ ಸವೆದರೆ ಕಣ್ಣಿಗೆ ತಿಳಿಯದು, ಒಂದೇ ಜಾಗ ಹೆಚ್ಚು ಸವೆದಾಗ ಅಲ್ಲಿ ಕಲೆ ನಿಲ್ಲುತ್ತದೆ. ನಮ್ಮ ನ್ಯೂಸ್ ಚಾನೆಲ್‌ಗಳ ಪರದೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮೂಲೆಯಲ್ಲಿ ಅಲುಗಾಡದ ಲೋಗೋ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಬ್ರೇಕಿಂಗ್ ನ್ಯೂಸ್ ಎಂಬ ಬಿಳಿಯ ಅಕ್ಷರ. ಸುದ್ದಿ ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ಹಗಲೆಲ್ಲ ಇದೇ ಓಡುವ ಮನೆಯಲ್ಲಿ ಕೆಲವು ವರ್ಷಗಳ ನಂತರ ಸಿನಿಮಾದ ನೀಲಿ ಆಕಾಶದ ಕೆಳಗಂಚಿನಲ್ಲಿ ಆ ಪಟ್ಟಿಯ ನೆರಳು ಕಾಣಿಸಿಕೊಳ್ಳುವ ಸಂಭವ ನಿಜಕ್ಕೂ ಇದೆ. ಈಚಿನ ಟಿವಿಗಳಲ್ಲಿ ಚಿತ್ರವನ್ನು ಕೂದಲೆಳೆಯಷ್ಟು ಸರಿಸುವ, ಲೋಗೋವಿನ ಬೆಳಕನ್ನು ತಗ್ಗಿಸುವ ಉಪಾಯಗಳಿವೆ. ಅವು ಸವೆತವನ್ನು ಮುಂದೂಡುತ್ತವೆ, ತಪ್ಪಿಸುವುದಿಲ್ಲ. ಅಲ್ಲದೆ ಇಡೀ ಪರದೆ ಬೆಳ್ಳಗಿರುವ ದೃಶ್ಯಗಳಲ್ಲಿ ಒಎಲ್‌ಇಡಿ ಒಳ್ಳೆಯ ಮಿನಿ ಎಲ್‌ಇಡಿಯಷ್ಟು ಪ್ರಖರವಾಗಿರುವುದಿಲ್ಲ. ಕಿಟಕಿ ಪಕ್ಕಕ್ಕೆ ಬಂದರೂ ಹಗಲಿನ ಬೆಳಕು ನಿಮ್ಮ ಹಜಾರದಲ್ಲಿ ಇದ್ದೇ ಇರುತ್ತದೆ.

ಆದ್ದರಿಂದ ನನ್ನ ಸಲಹೆ: 75 ಇಂಚಿನ ಮಿನಿ ಎಲ್‌ಇಡಿ. ಇದರಲ್ಲಿ ಪರದೆಯ ಹಿಂದಿನ ದೀಪಗಳು ಸಾಸಿವೆಯಷ್ಟು ಸಣ್ಣವು, ಸಾವಿರಗಟ್ಟಲೆ ಇರುತ್ತವೆ, ಮತ್ತು ಅವನ್ನು ನೂರಾರು ವಲಯಗಳಾಗಿ ವಿಂಗಡಿಸಿ ಬೇಕಾದ ಕಡೆ ಬೆಳಗಿಸಿ ಉಳಿದ ಕಡೆ ಆರಿಸಲಾಗುತ್ತದೆ. ಇದಕ್ಕೆ ಲೋಕಲ್ ಡಿಮ್ಮಿಂಗ್ ಎನ್ನುತ್ತಾರೆ. ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಲೋಕಲ್ ಡಿಮ್ಮಿಂಗ್ ಇದೆಯೇ, ಎಷ್ಟು ವಲಯ? ಮಿನಿ ಎಲ್‌ಇಡಿ ಎಂದು ಹೆಸರಿದ್ದೂ ವಲಯಗಳು ಬೆರಳೆಣಿಕೆಯಷ್ಟಿದ್ದರೆ ಆ ಹೆಸರಿಗೆ ಅರ್ಥವಿಲ್ಲ. ಪರದೆಯ ಅಂಚಿನಲ್ಲಷ್ಟೇ ದೀಪವಿರುವ ತೆಳ್ಳನೆಯ ಮಾದರಿಗಳು ನೋಡಲು ಅಂದ, ಹೋಮ್ ಥಿಯೇಟರಿಗೆ ಬೇಡ. ಎರಡನೆಯ ಪ್ರಶ್ನೆ, ಪ್ಯಾನೆಲ್, ಅಂದರೆ ಎಲ್‌ಸಿಡಿ ಪರದೆ, ವಿಎ ಬಗೆಯದೋ ಐಪಿಎಸ್ ಬಗೆಯದೋ ಎಂಬುದು. ಲೋಕಲ್ ಡಿಮ್ಮಿಂಗ್ ಲೆಕ್ಕಕ್ಕೆ ಹಿಡಿಯದೆ ನೋಡಿದರೆ ಐಪಿಎಸ್ ಪ್ಯಾನೆಲ್‌ನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು ಸಾವಿರಕ್ಕೆ ಒಂದು; ವಿಎಯಲ್ಲಿ ಅದು ಮೂರು ಸಾವಿರದಿಂದ ಆರು ಸಾವಿರದವರೆಗೆ ಹೋಗುತ್ತದೆ. ರಾತ್ರಿಯ ದೃಶ್ಯಗಳಲ್ಲಿ ಈ ವ್ಯತ್ಯಾಸ ಯಾರಿಗೂ ಕಾಣುವಂಥದ್ದು. ವಿಎಯ ದೋಷವೆಂದರೆ ಓರೆಯಿಂದ ನೋಡಿದಾಗ ಬಣ್ಣ ಸಪ್ಪೆಯಾಗುವುದು. ನೀವು ಸೋಫಾವನ್ನು ನೇರ ಎದುರಿಗೆ ಇಡುವುದರಿಂದ ಪಕ್ಕದ ದಿವಾನದ ಮೇಲೆ ಮಲಗಿ ನೋಡುವವರಿಗೆ ಮಾತ್ರ ಇದರ ಕೊರತೆ ತಟ್ಟೀತು. ಒಂದು ಎಚ್ಚರಿಕೆ: ಒಂದೇ ಸರಣಿಯ 65 ಇಂಚಿನ ಟಿವಿಯಲ್ಲಿ ಒಂದು ಬಗೆಯ ಪ್ಯಾನೆಲ್, 75 ಇಂಚಿನದರಲ್ಲಿ ಇನ್ನೊಂದು ಬಗೆಯ ಪ್ಯಾನೆಲ್ ಹಾಕುವ ರೂಢಿ ತಯಾರಕರಲ್ಲಿದೆ. ಆದ್ದರಿಂದ ಸರಣಿಯ ಹೆಸರನ್ನು ನಂಬದೆ, ಅಳತೆಯನ್ನೂ ಒಳಗೊಂಡ ಪೂರ್ತಿ ಮಾಡೆಲ್ ಸಂಖ್ಯೆಯನ್ನು ಹಿಡಿದೇ ವಿಚಾರಿಸಿ.

ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್ ಎಂಬ ಮುದ್ರೆ ಈಗ ಬಹುತೇಕ ಎಲ್ಲ ಟಿವಿಗಳ ಮೇಲೂ ಇದೆ. ಎಚ್‌ಡಿಆರ್ ಸಂಕೇತವನ್ನು ಒಪ್ಪಿಕೊಳ್ಳುವುದು ಬೇರೆ, ಅದರಲ್ಲಿರುವ ಪ್ರಖರತೆಯನ್ನು ತೋರಿಸುವುದು ಬೇರೆ. ಸಿನಿಮಾಗಳ ಎಚ್‌ಡಿಆರ್ ಪ್ರತಿಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ನಿಟ್ಸ್ ಎಂದರೆ ಪ್ರಖರತೆಯ ಅಳತೆ) ಅಥವಾ ಅದಕ್ಕಿಂತ ಹೆಚ್ಚಿನ ಪ್ರಖರತೆಗೆ ಸಿದ್ಧಪಡಿಸುತ್ತಾರೆ. 300 ನಿಟ್ಸ್ ತೋರಿಸುವ ಅಗ್ಗದ ಟಿವಿಯಲ್ಲಿ ಆ ಪ್ರತಿ ಮಾಮೂಲಿಗಿಂತ ಮಂಕಾಗಿ ಕಂಡರೂ ಆಶ್ಚರ್ಯವಿಲ್ಲ. ಸಣ್ಣ ಭಾಗದಲ್ಲಾದರೂ 1000 ನಿಟ್ಸ್ ಮುಟ್ಟುವ ಟಿವಿಯನ್ನೇ ನೋಡಿ. ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 ಪ್ಲಸ್ ಎಂಬ ಎರಡು ಬಗೆಗಳಲ್ಲಿ ದೃಶ್ಯದಿಂದ ದೃಶ್ಯಕ್ಕೆ ಬೆಳಕಿನ ಸೂಚನೆ ಬದಲಾಗುತ್ತದೆ. ಸ್ಯಾಮ್‌ಸಂಗ್ ಟಿವಿಗಳು ಡಾಲ್ಬಿ ವಿಷನ್ ಬದಲು ಎಚ್‌ಡಿಆರ್10 ಪ್ಲಸ್ ಅನ್ನು ಅನುಸರಿಸುತ್ತವೆ. ಇದನ್ನು ತಿಳಿದಿರಿ; ಆದರೆ ಕೇವಲ ಇದೊಂದಕ್ಕಾಗಿ ಒಳ್ಳೆಯ ಪ್ಯಾನೆಲ್ಲನ್ನು ಬಿಟ್ಟುಕೊಡಬೇಡಿ.

120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ತೋರಿಸುವ ಪ್ಯಾನೆಲ್ ಬೇಕೇ ಎಂಬುದಕ್ಕೆ ನನ್ನ ಉತ್ತರ ಬೇಕು ಎಂದೇ, ಅದೂ ಮಗನ ಗೇಮಿಗಿಂತ ಹೆಚ್ಚಾಗಿ ನಿಮ್ಮ ಸಿನಿಮಾಕ್ಕಾಗಿ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಚಿತ್ರ ತೋರಿಸಲಾಗದ್ದರಿಂದ 60 ಹರ್ಟ್ಸ್ ಟಿವಿ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತ ಹೋಗುತ್ತದೆ, ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನ ಮೇಲೆ ಹಾಯುವಾಗ ಸಣ್ಣ ಕುಲುಕಾಟ ಕಾಣುವುದು ಇದರಿಂದ. 120ರಲ್ಲಿ 24 ಸರಿಯಾಗಿ ಐದು ಸಲ ಕೂರುತ್ತದೆ. ಜಾಹೀರಾತಿನಲ್ಲಿ ಮೋಷನ್ ಎಂಬ ಪದ ಸೇರಿಸಿ ಬರೆಯುವ ದೊಡ್ಡ ಅಂಕಿಗಳು ಬೇರೆ. ಪ್ಯಾನೆಲ್‌ನ ನಿಜವಾದ ಹರ್ಟ್ಸ್ ಎಷ್ಟೆಂದೇ ಕೇಳಿ. ಮಗನ ಕನ್ಸೋಲ್ 4ಕೆಯಲ್ಲಿ 120 ಚಿತ್ರ ಕೊಡುವಂಥದ್ದಾದರೆ ಎಚ್‌ಡಿಎಂಐ 2.1 ಸಾಕೆಟ್ ಬೇಕಾಗುತ್ತದೆ. ಇಲ್ಲೊಂದು ತಾಪತ್ರಯವಿದೆ: ಹಲವು ಟಿವಿಗಳಲ್ಲಿ ಅಂಥ ಸಾಕೆಟ್ ಎರಡೇ ಇದ್ದು, ಅವುಗಳಲ್ಲೊಂದೇ ಧ್ವನಿ ವ್ಯವಸ್ಥೆಗೆ ಹೋಗುವ ಇ-ಆರ್ಕ್ ಸಾಕೆಟ್ ಕೂಡ ಆಗಿರುತ್ತದೆ. ಒಂದೇ ಕನ್ಸೋಲ್ ಇರುವವರೆಗೆ ನಿಮಗೆ ತೊಂದರೆಯಿಲ್ಲ, ಎರಡನೆಯದು ಬಂದಾಗ ನೆನಪಿರಲಿ.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಒಯ್ಯಿರಿ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಾಗಲಿ ಹಾಸನದ ಬಿ.ಎಂ. ರಸ್ತೆಯಾಗಲಿ, ಅಂಗಡಿಯ ಟಿವಿಗಳಲ್ಲಿ ಓಡುವುದು ಕಂಪನಿಯವರೇ ಕೊಟ್ಟ ಹೂವು, ಹಣ್ಣು, ಬಣ್ಣದ ಗಿಳಿಗಳ ಚಿತ್ರ; ಅವು ಯಾವ ಟಿವಿಯಲ್ಲೂ ಚಂದವೇ. ನೀವು ರಾತ್ರಿಯ ದೃಶ್ಯವಿರುವ, ಅಗಲ ಪರದೆಯ ಯಾವುದಾದರೂ ತುಣುಕನ್ನು ಹಾಕಿಸಿ. ರಿಮೋಟ್ ಕೇಳಿ ಪಡೆದು ವಿವಿಡ್ ಮೋಡ್‌ನಿಂದ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಬದಲಿಸಿ, ಆ ಮೂಲೆಯ ದೀಪಗಳನ್ನು ಒಂದು ನಿಮಿಷ ಆರಿಸುವಂತೆ ಕೋರಿ. 75 ಇಂಚಿನ ಟಿವಿಯಲ್ಲಿ ಅಂಥ ಸಿನಿಮಾದ ಮೇಲೂ ಕೆಳಗೂ ಸುಮಾರು 12 ಸೆಂಟಿಮೀಟರಿನ ಎರಡು ಕಪ್ಪು ಪಟ್ಟಿಗಳು ಉಳಿಯುತ್ತವೆ. ಚಿತ್ರವನ್ನು ಬಿಟ್ಟು ಆ ಪಟ್ಟಿಗಳನ್ನೇ ನೋಡುತ್ತಿರಿ. ಅವು ಟಿವಿಯ ಚೌಕಟ್ಟಿನೊಂದಿಗೆ ಬೆರೆತುಹೋಗುತ್ತವೆಯೇ, ಬೂದಿಯಾಗಿ ತೇಲುತ್ತವೆಯೇ, ಅಥವಾ ಕೆಳಗೆ ಬಿಳಿಯ ಸಬ್‌ಟೈಟಲ್ ಬಂದಾಗಲೆಲ್ಲ ಅದರ ಸುತ್ತ ಮಂಜಿನಂತಹ ಬೆಳಕು ಹರಡಿ ಅಕ್ಷರ ಹೋದೊಡನೆ ಆರುತ್ತದೆಯೇ? ಲೋಕಲ್ ಡಿಮ್ಮಿಂಗ್ ಎಷ್ಟು ಚೆನ್ನಾಗಿದೆ ಎಂಬುದು ಅಲ್ಲಿಯೇ ಬಯಲಾಗುತ್ತದೆ. ಮಾರಾಟಗಾರರು ದೀಪ ಆರಿಸಲು ಒಪ್ಪದಿದ್ದರೆ ಬೇರೆ ಅಂಗಡಿ ನೋಡಬಹುದು.

ಧ್ವನಿಯ ವಿಚಾರಕ್ಕೆ ಬಂದರೆ, ನಿಮ್ಮ ಹಜಾರದ ಸೂರೇ ಅರ್ಧ ನಿರ್ಧಾರ ಮಾಡಿಬಿಟ್ಟಿದೆ. ತಲೆಯ ಮೇಲಿನಿಂದಲೂ ಧ್ವನಿ ಬಂದಂತೆ ಮಾಡುವ ಡಾಲ್ಬಿ ಅಟ್ಮಾಸ್ ಎಂದು ಮಾರುವ ಬಹಳಷ್ಟು ಸೌಂಡ್‌ಬಾರ್‌ಗಳು ಧ್ವನಿಯನ್ನು ಮೇಲಕ್ಕೆ ಹಾರಿಸಿ, ಚಾವಣಿಗೆ ಬಡಿಸಿ, ಕೆಳಗೆ ತರುವ ಉಪಾಯವನ್ನು ನೆಚ್ಚಿಕೊಂಡಿವೆ. ಅದಕ್ಕೆ ಚಾವಣಿ ಸಮತಟ್ಟಾಗಿರಬೇಕು, ಗಟ್ಟಿಯಾಗಿರಬೇಕು, ಸುಮಾರು ಏಳೂವರೆಯಿಂದ 12 ಅಡಿ ಎತ್ತರದಲ್ಲಿದ್ದರೆ ಉತ್ತಮ ಎಂದು ಡಾಲ್ಬಿಯವರೇ ಹೇಳುತ್ತಾರೆ. ಇಳಿಜಾರಾದ ಹೆಂಚಿನ ಸೂರಿಗೆ ಬಡಿದ ಧ್ವನಿ ನಿಮ್ಮ ಕಿವಿಗೆ ಬರುವ ಬದಲು ಬೇರೆಲ್ಲಿಗೋ ಹೋಗುತ್ತದೆ. ಆ ಸೌಲಭ್ಯಕ್ಕೆ ಹೆಚ್ಚು ಹಣ ಕೊಡುವುದು ನಿಮ್ಮ ಮನೆಯಲ್ಲಿ ವ್ಯರ್ಥ. ಅದರ ಬದಲು ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಆಂಪ್ಲಿಫೈಯರ್) ಮತ್ತು 5.1 ಸ್ಪೀಕರ್‌ಗಳ, ಅಂದರೆ ಐದು ಸ್ಪೀಕರ್ ಮತ್ತು ಮಂದ್ರ ಧ್ವನಿಗೊಂದು ಸಬ್‌ವೂಫರ್ ಇರುವ, ಸಾದಾ ಜೋಡಣೆಯನ್ನು ನಾನು ಸೂಚಿಸುತ್ತೇನೆ. ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಾಗಿಲ್ಲ. ರಿಸೀವರ್, ಎಡ-ಬಲದ ಎರಡು ಸ್ಪೀಕರ್ ಮತ್ತು ನಡುವಿನ ಸೆಂಟರ್ ಸ್ಪೀಕರ್ ಮೊದಲು ಬರಲಿ, ಸಬ್‌ವೂಫರ್ ಮತ್ತು ಹಿಂದಿನ ಜೋಡಿ ಮುಂದಿನ ಫಸಲಿಗೆ ಬಂದರೂ ಆದೀತು. ಸೆಂಟರ್ ಸ್ಪೀಕರ್‌ನಲ್ಲಿ ಮಾತ್ರ ಜಿಪುಣತನ ಬೇಡ. ಸಿನಿಮಾದ ಸಂಭಾಷಣೆ ಬಹುಪಾಲು ಅದರಿಂದಲೇ ಹೊರಡುತ್ತದೆ, ಮತ್ತು ಹೆಂಚಿನ ಮೇಲೆ ಮಳೆ ಹೊಯ್ಯುವ ರಾತ್ರಿಗಳಲ್ಲಿ ಟಿವಿಯ ಸ್ವಂತ ಸ್ಪೀಕರಿನ ಮಾತು ಕೇಳಿಸುವುದೇ ಇಲ್ಲ ಎಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ.

ಉತ್ತರದ ಗೋಡೆ 18 ಅಡಿ ಉದ್ದವಿರುವುದು ಇಲ್ಲಿ ಮತ್ತೆ ಅನುಕೂಲಕ್ಕೆ ಬರುತ್ತದೆ. ಮುಂದಿನ ಎರಡು ಸ್ಪೀಕರ್‌ಗಳು ಕೇಳುವವರ ನೇರದಿಂದ ಎಡಕ್ಕೂ ಬಲಕ್ಕೂ 22ರಿಂದ 30 ಡಿಗ್ರಿಯಲ್ಲಿರಬೇಕು. 10 ಅಡಿ ದೂರಕ್ಕೆ ಅವುಗಳ ನಡುವೆ ಎಂಟರಿಂದ ಹನ್ನೊಂದೂವರೆ ಅಡಿ ಅಂತರ ಬೇಕಾಗುತ್ತದೆ, ಅದು ನಿಮ್ಮಲ್ಲಿ ಸಲೀಸಾಗಿ ಸಿಗುತ್ತದೆ. ಹಿಂದಿನ ಎರಡನ್ನು ಸೋಫಾದ ಎರಡು ಪಕ್ಕಗಳಲ್ಲಿ, ಕಿವಿಗಿಂತ ಸ್ವಲ್ಪ ಹಿಂದಕ್ಕೆ, ಕೂತಾಗಿನ ಕಿವಿಯ ಎತ್ತರಕ್ಕಿಂತ ಒಂದೆರಡು ಅಡಿ ಮೇಲೆ ಇಡಿಸಿ. ರೆಡ್ ಆಕ್ಸೈಡ್ ನೆಲವಿದ್ದರೆ ಸೋಫಾದ ಮುಂದೆ ದಪ್ಪನೆಯ ಜಮಖಾನ ಹಾಸಿ, ಕಿಟಕಿಗಳಿಗೆ ನೆರಿಗೆ ತುಂಬಿದ ದಪ್ಪ ಬಟ್ಟೆಯ ಕರ್ಟನ್ ಹಾಕಿ. ಪ್ರತಿಧ್ವನಿಯೂ ತಗ್ಗುತ್ತದೆ, ಸಂಜೆಯ ಬೆಳಕೂ ತಗ್ಗುತ್ತದೆ. ಟಿವಿಯಿಂದ ರಿಸೀವರ್‌ಗೆ ಇ-ಆರ್ಕ್ ಮೂಲಕ ಒಂದೇ ಎಚ್‌ಡಿಎಂಐ ಕೇಬಲ್ ಸಾಕು. ಒಟಿಟಿಯಲ್ಲಿ ಬರುವ ಅಟ್ಮಾಸ್ ಹಳೆಯ ಆರ್ಕ್ ಮೂಲಕವೂ ಹಾಯುತ್ತದೆ. ಬ್ಲೂ-ರೇ ಡಿಸ್ಕಿನ ಪೂರ್ಣ ಗುಣಮಟ್ಟದ ಧ್ವನಿಗೆ ಮಾತ್ರ ಇ-ಆರ್ಕ್ ಅನಿವಾರ್ಯ.

ಮಣ್ಣಿನ ಇಟ್ಟಿಗೆಯ ಹಳೆಯ ಗೋಡೆಯಾದರೆ ಟಿವಿಯನ್ನು ಅದಕ್ಕೆ ನೇತುಹಾಕುವ ಯೋಚನೆಯನ್ನು ಬಿಡಿ. 75 ಇಂಚಿನ ಟಿವಿ 30 ಕಿಲೋ ಮೀರುವುದು ಸಾಮಾನ್ಯ. ಅಂಥ ಗೋಡೆಯಲ್ಲಿ ಪ್ಲಗ್ ಹಿಡಿಯುವುದಿಲ್ಲ, ಕಂಪನಿಯಿಂದ ಬರುವ ಹುಡುಗರು ಹತ್ತು ನಿಮಿಷದಲ್ಲಿ ಡ್ರಿಲ್ ಮಾಡಿ ಹೋಗುತ್ತಾರೆ, ಆಮೇಲಿನ ಚಿಂತೆ ನಿಮ್ಮದು. ಊರಿನ ಆಚಾರಿಯವರಿಂದ 20ರಿಂದ 24 ಇಂಚು ಎತ್ತರದ ಗಟ್ಟಿ ಮರದ ಬೆಂಚೊಂದನ್ನು ಮಾಡಿಸಿ. ಕೂತವರ ಕಣ್ಣು ನೆಲದಿಂದ ಸುಮಾರು 40 ಇಂಚು ಎತ್ತರದಲ್ಲಿರುತ್ತದೆ, ಟಿವಿಯ ಎತ್ತರ 37 ಇಂಚು. ಆ ಬೆಂಚಿನ ಮೇಲೆ ಪರದೆಯ ನಡುಭಾಗ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಬರುತ್ತದೆ. ದೇವರ ಪಟದ ಎತ್ತರಕ್ಕೆ ಟಿವಿ ಏರಿಸಿ, ಎರಡೂವರೆ ಗಂಟೆ ಕತ್ತು ಎತ್ತಿ ನೋಡುವುದು ಶಿಕ್ಷೆ. ಬೆಂಚಿನ ಉದ್ದ ನಿರ್ಧರಿಸುವ ಮೊದಲು ಟಿವಿಯ ಎರಡು ಕಾಲುಗಳ ನಡುವಿನ ಅಂತರವನ್ನು ಕೇಳಿಕೊಳ್ಳಿ. ಕೆಲವು ಮಾದರಿಗಳಲ್ಲಿ ಅವು ಎರಡು ತುದಿಗಳಲ್ಲಿರುತ್ತವೆ.

ಇನ್ನು ಸಿಡಿಲು ಮತ್ತು ಕರೆಂಟು. ಹಳೆಯ ಅಭ್ಯಾಸದಂತೆ ಎಲ್ಲರೂ ಸ್ಟೆಬಿಲೈಸರ್ ಬಗ್ಗೆ ಕೇಳುತ್ತಾರೆ. ಇಂದಿನ ಟಿವಿಗಳ ಒಳಗಿನ ಪವರ್ ಸಪ್ಲೈ 100ರಿಂದ 240 ವೋಲ್ಟಿನ ನಡುವಿನ ಏರಿಳಿತವನ್ನು ಸಾಮಾನ್ಯವಾಗಿ ತಾನೇ ತಾಳಿಕೊಳ್ಳುತ್ತದೆ. ವೋಲ್ಟೇಜ್ ಇಳಿಯುವುದು ನಿಮ್ಮ ಟಿವಿಯನ್ನು ಸುಡುವುದಿಲ್ಲ. ಸುಡುವುದು ಎರಡು. ಒಂದು, ಏಪ್ರಿಲ್-ಮೇ ತಿಂಗಳ ಮುಂಗಾರು ಪೂರ್ವದ ಸಿಡಿಲು. ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಗಾಳಿಮಳೆಗೆ ಮರ ಬಿದ್ದು ಮೆಸ್ಕಾಂ ಲೈನಿನ ನ್ಯೂಟ್ರಲ್ ತಂತಿ ತುಂಡಾದಾಗ ಮನೆಗೆ ಬರಬೇಕಾದ 230 ವೋಲ್ಟಿನ ಜಾಗದಲ್ಲಿ 400 ವೋಲ್ಟಿನ ಹತ್ತಿರದವರೆಗೂ ನುಗ್ಗಬಹುದು. ಸಿಡಿಲಿನ ನೆಗೆತಕ್ಕೆ ಮುಖ್ಯ ಬೋರ್ಡಿನಲ್ಲಿ ಟೈಪ್-2 ಸರ್ಜ್ ಪ್ರೊಟೆಕ್ಟರ್, ನ್ಯೂಟ್ರಲ್ ತೊಂದರೆಗೆ ಓವರ್‌ವೋಲ್ಟೇಜ್ ಆದೊಡನೆ ಲೈನನ್ನು ಕಡಿಯುವ ಸಾಧನ, ಹೀಗೆ ಎರಡು ಬೇರೆ ಬೇರೆ ವಸ್ತುಗಳು ಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡಬೇಕಾದರೆ ಅರ್ತಿಂಗ್ ಸರಿಯಿರಬೇಕು. ತೋಟದ ಮನೆಗಳಲ್ಲಿ ಎಷ್ಟೋ ವರ್ಷಗಳ ಹಿಂದೆ ಹೂತ ಅರ್ತಿಂಗ್ ಗುಂಡಿಯನ್ನು ಆಮೇಲೆ ಯಾರೂ ಮುಟ್ಟಿರುವುದಿಲ್ಲ, ಆದ್ದರಿಂದ ಟಿವಿ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಅಳೆಸಿ. ಇಷ್ಟೆಲ್ಲ ಇದ್ದರೂ ಹತ್ತಿರದಲ್ಲೇ ಸಿಡಿಲು ಹೊಡೆದರೆ ತಡೆಯುವ ಖಾತ್ರಿ ಯಾವುದಕ್ಕೂ ಇಲ್ಲ. ಗುಡುಗು ಶುರುವಾದಾಗ ಪ್ಲಗ್ ಕೀಳುವ ಮನೆಯ ಹಿರಿಯರ ಪದ್ಧತಿಯೇ ಗಟ್ಟಿ. ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ಕೇಬಲ್ಲನ್ನೂ ಕೀಳಬೇಕು. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್ ಮೂಲಕ ಎಚ್‌ಡಿಎಂಐ ಸಾಕೆಟ್ಟಿಗೆ ಬಂದ ಸಿಡಿಲು ಟಿವಿಯ ಮದರ್‌ಬೋರ್ಡನ್ನೇ ತೆಗೆದುಕೊಂಡು ಹೋಗುತ್ತದೆ. ಇನ್ವರ್ಟರ್ ಮೇಲೆ ನಡೆಸುವುದಾದರೆ ಅದು ಸೈನ್‌ವೇವ್ ಬಗೆಯದಾಗಿರಲಿ.

ತೇವಾಂಶದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟಿವಿಗಳನ್ನು ಶೇಕಡ 80ರೊಳಗಿನ ತೇವಾಂಶದಲ್ಲಿ ಬಳಸಬೇಕೆಂದು ಹಲವು ತಯಾರಕರ ಕೈಪಿಡಿಗಳು ಹೇಳುತ್ತವೆ. ಮಲೆನಾಡಿನ ಮಳೆಗಾಲ ಆ ಮಿತಿಯನ್ನು ಲೆಕ್ಕಕ್ಕಿಡುವುದಿಲ್ಲ. ದಿನವೂ ಒಂದಷ್ಟು ಹೊತ್ತು ಟಿವಿ ಓಡುತ್ತಿದ್ದರೆ ಅದರ ಬಿಸಿಯೇ ಒಳಗಿನ ತೇವವನ್ನು ಆರಿಸುತ್ತದೆ. ಗೋಡೆಯಿಂದ ನಾಲ್ಕಾರು ಇಂಚು ಮುಂದಿಡಿ, ಬಟ್ಟೆಯ ಮುಸುಕು ಹಾಕಬೇಡಿ.

ಹಣದ ಹಂಚಿಕೆಯನ್ನು ಹೀಗೆ ಮಾಡಿಕೊಳ್ಳಬಹುದು: ಟಿವಿಗೆ ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು, ಧ್ವನಿಗೆ ಅರವತ್ತು ಸಾವಿರ, ಉಳಿದದ್ದು ವಿದ್ಯುತ್ ರಕ್ಷಣೆ, ಬೆಂಚು ಮತ್ತು ಕರ್ಟನ್‌ಗೆ. ಆ ಮೊತ್ತಕ್ಕೆ ನಾನು ಹೇಳಿದ ಗುಣಗಳ 75 ಇಂಚು ಸಿಗದಿದ್ದರೆ ಅದೇ ಗುಣಗಳ 65 ಇಂಚು ಕೊಳ್ಳಿ. 10 ಅಡಿಗೆ ಅದರ ಕೋನ 26 ಡಿಗ್ರಿ ದಾಟುತ್ತದೆ, ಈಗಿನ 43 ಇಂಚಿನ ಮುಂದೆ ಅದೂ ದೊಡ್ಡದೇ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ಬೆಲೆಪಟ್ಟಿ ತೋರಿಸಿ ರಿಯಾಯಿತಿಯ ಮಾತಾಡಿದರೆ ಒಪ್ಪಬೇಡಿ. ಖರೀದಿಗೆ ಮೊದಲು, ಆ ಕಂಪನಿಯ ಮೆಕ್ಯಾನಿಕ್ ನಿಮ್ಮ ತೋಟದವರೆಗೆ ಬರುತ್ತಾರೆಯೇ, ಬಂದರೆ ಎಲ್ಲಿಂದ ಬರುತ್ತಾರೆ ಎಂದು ಕೇಳಿ. 75 ಇಂಚಿನ ಟಿವಿಯನ್ನು ಜೀಪಿಗೆ ಹಾಕಿಕೊಂಡು ರಿಪೇರಿಗೆ ಒಯ್ಯಲಾಗುವುದಿಲ್ಲ. ತರುವಾಗ ಪೆಟ್ಟಿಗೆ ನೆಟ್ಟಗೆ ನಿಂತೇ ಬರಬೇಕು; ಮಲಗಿಸಿ ತಂದರೆ ತೋಟದ ದಾರಿಯ ಕುಲುಕಾಟಕ್ಕೆ ಗಾಜು ಸೀಳುವುದುಂಟು, ಸೀಳಿದ ಗಾಜು ವಾರಂಟಿಯಲ್ಲಿ ಬರುವುದಿಲ್ಲ. ಪೆಟ್ಟಿಗೆಯನ್ನು ತಂದವರ ಎದುರಿಗೇ ಬಿಚ್ಚಿಸಿ, ಟಿವಿ ಹಾಕಿಸಿ, ಪೂರ್ತಿ ಬಿಳಿ ಮತ್ತು ಪೂರ್ತಿ ಬೂದು ಬಣ್ಣದ ಚಿತ್ರ ತೋರಿಸಿ ನೋಡಿದ ಮೇಲೆಯೇ ಸಹಿ ಹಾಕಿ.

ಕೊನೆಗೆ ಆ ಹಳೆಯ 43 ಇಂಚಿನ ಟಿವಿ. ಅದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ತಂದೆಯವರ ಕೋಣೆಗೆ ಅದನ್ನು ಹಾಕಿಸಿ, ಡಿಟಿಎಚ್‌ನ ಎರಡನೆಯ ಸೆಟ್‌ಟಾಪ್ ಬಾಕ್ಸ್ ಒಂದನ್ನು ಕೊಡಿಸಿದರೆ, ನ್ಯೂಸ್ ಅಲ್ಲಿ ಓಡುತ್ತದೆ, ಆ ಅಳತೆಯ ಪರದೆಯಲ್ಲಿ ಸಾಮಾನ್ಯ ಚಾನೆಲ್ ಸ್ಪಷ್ಟವಾಗಿಯೂ ಕಾಣುತ್ತದೆ. ತಂದೆಯವರು ಅದಕ್ಕೆ ಒಪ್ಪಿ, ಹಜಾರದ ಟಿವಿ ಸಂಜೆಯ ಮೇಲಷ್ಟೇ ಹಚ್ಚುವುದಾದರೆ, ಒಎಲ್‌ಇಡಿಯ ಬಗ್ಗೆ ನಾನು ಎತ್ತಿದ ಮುಖ್ಯ ಆಕ್ಷೇಪ ಬಿದ್ದುಹೋಗುತ್ತದೆ. ಆಗ 65 ಇಂಚಿನ ಒಎಲ್‌ಇಡಿಯನ್ನೂ 75 ಇಂಚಿನ ಮಿನಿ ಎಲ್‌ಇಡಿಯನ್ನೂ ಅಕ್ಕಪಕ್ಕ ಇಡಿಸಿ, ನಿಮ್ಮ ಪೆನ್‌ಡ್ರೈವಿನ ತುಣುಕನ್ನು ಎರಡರಲ್ಲೂ ಹಾಕಿಸಿ ನೋಡಿ ತೀರ್ಮಾನಿಸಬಹುದು. ಮಗ ಒಂದೇ ಗೇಮನ್ನು ತಿಂಗಳಾನುಗಟ್ಟಲೆ ಆಡುವವನಾದರೆ ಮಾತ್ರ, ಆ ಗೇಮಿನ ಮೂಲೆಯಲ್ಲಿ ನಿಲ್ಲುವ ನಕ್ಷೆ, ಅಂಕಪಟ್ಟಿಗಳೂ ನ್ಯೂಸ್ ಪಟ್ಟಿಯ ಸಾಲಿಗೇ ಸೇರುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.